ಮೂವತ್ತು ಸಾವಿರಕ್ಕೊಂದು: ಪ್ರನಾಳ ಶಿಶುವಿನ ಯುಗದಲ್ಲಿ ಒಂದು ಅಪರೂಪದ ಗರ್ಭತೊಡಕಿನ ಚರಿತ್ರೆ

1. ಪ್ರವೇಶ

ಸ್ತ್ರೀರೋಗ ಶಾಸ್ತ್ರದ ಪಠ್ಯಗಳಲ್ಲಿ ಒಂದು ಅಂಕಿ ಮುಕ್ಕಾಲು ಶತಮಾನದಿಂದ ಉಳಿದುಕೊಂಡು ಬಂದಿದೆ: 30,000ಕ್ಕೆ ಒಂದು. ಒಬ್ಬಳೇ ಹೆಂಗಸಿನಲ್ಲಿ ಒಂದೇ ಕಾಲಕ್ಕೆ ಗರ್ಭಕೋಶದ ಒಳಗೊಂದು, ಹೊರಗೊಂದು ಬಸಿರು ನಿಲ್ಲುವ ಸಂಭವ ಅಷ್ಟು ವಿರಳ ಎಂಬುದು ಅದರ ಅರ್ಥ. ವೈದ್ಯರು ಇದನ್ನು ಹೆಟೆರೋಟೋಪಿಕ್ ಗರ್ಭ ಎನ್ನುತ್ತಾರೆ. ಗರ್ಭಕೋಶದ ಹೊರಗೆ ಮಾತ್ರ ನಿಲ್ಲುವ ಬಸಿರು ಎಕ್ಟೋಪಿಕ್. ಅದರಲ್ಲಿ ಬಹುಪಾಲು ಅಂಡನಾಳದಲ್ಲೇ ಬೆಳೆಯುವುದರಿಂದ ಆಸ್ಪತ್ರೆಯ ಆಡುಮಾತಿನಲ್ಲಿ ಅದು 'ಟ್ಯೂಬ್ ಪ್ರೆಗ್ನೆನ್ಸಿ'. ಈ ಲೇಖನದಲ್ಲಿ ಎಕ್ಟೋಪಿಕ್ ಎಂಬ ರೂಢಿಯ ಪದವನ್ನು ಹಾಗೇ ಇಟ್ಟುಕೊಂಡು, ಅಂಡನಾಳದ ಬಸಿರನ್ನು 'ನಾಳಗರ್ಭ' ಎಂದೂ ಹೆಟೆರೋಟೋಪಿಕ್ ಗರ್ಭವನ್ನು 'ಜೋಡಿನೆಲೆಯ ಗರ್ಭ' ಎಂದೂ ಕರೆದಿದ್ದೇನೆ.

ನಾನು ಎತ್ತಿಕೊಂಡಿರುವ ಪ್ರಶ್ನೆ ಇಷ್ಟು. 30,000ಕ್ಕೆ ಒಂದು ಎಂಬ ಲೆಕ್ಕ ಎಲ್ಲಿಂದ ಬಂತು? ಅಂಡವನ್ನು ದೇಹದ ಹೊರಗೆ ಫಲೀಕರಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಇಡುವ ಐವಿಎಫ್ ಚಿಕಿತ್ಸೆ ಬಂದ ಮೇಲೆ ಅದು ಏನಾಯಿತು? ಈ ಚರಿತ್ರೆಯನ್ನು ಹಿಂಬಾಲಿಸಿದಾಗ ನನಗೆ ಮನವರಿಕೆಯಾದದ್ದು, ತೊಡಕೊಂದು ಅಪರೂಪ ಎನ್ನುವುದು ಆ ತೊಡಕಿನ ಹುಟ್ಟುಗುಣವಲ್ಲ ಎಂಬುದು. ಯಾರಲ್ಲಿ, ಯಾವ ಚಿಕಿತ್ಸೆಯ ಬಳಿಕ, ಎಷ್ಟು ಭ್ರೂಣಗಳನ್ನು ಇಟ್ಟಾಗ ಎಂಬುದರ ಮೇಲೆ ಅದರ ವಿರಳತೆ ನಿಂತಿದೆ. ಚಿಕಿತ್ಸೆ ಬದಲಾದರೂ ಅಂಕಿ ಬದಲಾಗದೆ ಉಳಿದರೆ, ಅದನ್ನು ನಂಬಿದ ವೈದ್ಯನ ಕಣ್ಣೆದುರೇ ತಾಯಿಯ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಹಾಗಾಗಿ ಇದು ಅಂಕಿಯೊಂದರ ಚರಿತ್ರೆಯಷ್ಟೇ ಆಗಿ ಉಳಿಯುವುದಿಲ್ಲ.

2. ಶವಪರೀಕ್ಷೆಯಿಂದ ಶಸ್ತ್ರಕ್ರಿಯೆಗೆ

ಗರ್ಭಕೋಶದ ಹೊರಗೆ ಬಸಿರು ನಿಲ್ಲಬಹುದೆಂಬ ಅರಿವು ಹಳೆಯದು. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸ್ಪೇನಿನ ಕೊರ್ಡೋಬಾದಲ್ಲಿದ್ದ ಅರಬ್ ಶಸ್ತ್ರವೈದ್ಯ ಅಲ್ ಜಹ್ರಾವಿ, ಹೆಂಗಸೊಬ್ಬಳ ಹೊಟ್ಟೆಯ ಮೇಲೆ ಎದ್ದ ಕೀವುಗಂಟಿನಿಂದ ಶಿಶುವಿನ ಎಲುಬುಗಳು ಹೊರಬಂದದ್ದನ್ನು ದಾಖಲಿಸಿದ್ದಾನೆ. ಈ ಬಗೆಯ ಗರ್ಭದ ಅತ್ಯಂತ ಹಳೆಯ ವಿವರಣೆಗಳಲ್ಲಿ ಅದೊಂದು. ಆಮೇಲಿನ ಶತಮಾನಗಳಲ್ಲಿ ದೊರೆಯುವ ದಾಖಲೆಗಳು ಬಹುತೇಕ ಶವಪರೀಕ್ಷೆಯವು. ಜೋಡಿನೆಲೆಯ ಗರ್ಭದ ಮೊದಲ ವರದಿಯೂ ಹಾಗೆಯೇ ಬಂತು. 1708ರಲ್ಲಿ ಫ್ರಾನ್ಸಿನ ಅಂಗರಚನಾ ಶಾಸ್ತ್ರಜ್ಞ ಜೋಸೆಫ್ ಗಿಶಾರ್ ದ್ಯುವರ್ನೆ, ಸತ್ತ ಹೆಂಗಸಿನ ದೇಹವನ್ನು ಪರೀಕ್ಷಿಸುವಾಗ ಗರ್ಭಕೋಶದ ಒಳಗೂ ಹೊರಗೂ ಬಸಿರು ಇದ್ದುದನ್ನು ಕಂಡ. ಈ ತೊಡಕನ್ನು ಮನುಷ್ಯ ಮೊದಲು ಅರಿತದ್ದು ತಾಯಿ ಸತ್ತ ಮೇಲೆ ಎಂಬುದನ್ನು ಮರೆಯಬಾರದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲೂ ಸ್ಥಿತಿ ಹೆಚ್ಚು ಸುಧಾರಿಸಿರಲಿಲ್ಲ. ಅಮೆರಿಕದ ಜಾನ್ ಪ್ಯಾರಿ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 500 ಎಕ್ಟೋಪಿಕ್ ಪ್ರಕರಣಗಳನ್ನು ಒಟ್ಟುಗೂಡಿಸಿದಾಗ, ಸತ್ತ ತಾಯಂದಿರ ಸಂಖ್ಯೆ 336 ಆಗಿತ್ತು. ಅಂದರೆ ಮೂರರಲ್ಲಿ ಇಬ್ಬರು. ನಾಳ ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿಕೊಳ್ಳುವಾಗ ವೈದ್ಯರು ಪಕ್ಕದಲ್ಲಿ ನಿಂತು ನೋಡುವುದೇ ವಾಡಿಕೆಯಾಗಿತ್ತು.

ಈ ವಾಡಿಕೆಯನ್ನು ಮುರಿದವನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ರಾಬರ್ಟ್ ಲಾಸನ್ ಟೇಟ್. ಅವನೂ ಮೊದಲ ಸಲವೇ ಮುರಿಯಲಿಲ್ಲ. 1881ರಲ್ಲಿ ಸಹವೈದ್ಯನೊಬ್ಬ, ಹೊಟ್ಟೆ ತೆರೆದು ಒಡೆದ ನಾಳವನ್ನು ತೆಗೆದುಬಿಡಬಾರದೇಕೆ ಎಂದು ಸೂಚಿಸಿದಾಗ ಟೇಟ್ ಒಪ್ಪಲಿಲ್ಲ. ರೋಗಿ ತೀರಿಕೊಂಡಳು. ಶವಪರೀಕ್ಷೆಯಲ್ಲಿ ಒಡೆದ ನಾಳವನ್ನು ಕಂಡಾಗ, ರಕ್ತನಾಳವೊಂದನ್ನು ಕಟ್ಟಿದ್ದರೆ ಅವಳು ಉಳಿಯುತ್ತಿದ್ದಳೆಂಬುದು ಅವನಿಗೆ ತಿಳಿಯಿತು. 1883ರಲ್ಲಿ ಅವನು ಆ ಶಸ್ತ್ರಕ್ರಿಯೆಯನ್ನು ಯಶಸ್ವಿಯಾಗಿ ಮಾಡಿದ. ಎಕ್ಟೋಪಿಕ್ ಗರ್ಭ ಗುಣಪಡಿಸಬಹುದಾದ ತೊಡಕುಗಳ ಸಾಲಿಗೆ ಸೇರಿದ್ದು ಅಂದಿನಿಂದ. ಗುಣಪಡಿಸಲು ಮೊದಲು ಗುರುತಿಸಬೇಕು, ಗುರುತಿಸಲು ಮೊದಲು ಶಂಕಿಸಬೇಕು. ಮುಂದಿನ ಕಥೆಯೆಲ್ಲ ಈ ಶಂಕೆಯದೇ.

3. 1948ರ ಗುಣಾಕಾರ

ಎರಡನೆಯ ಮಹಾಯುದ್ಧ ಮುಗಿದ ಹೊತ್ತಿಗೆ ನೂರಾರು ಜೋಡಿನೆಲೆಯ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿ ಚದುರಿಕೊಂಡಿದ್ದವು. ಇವು ಎಷ್ಟಕ್ಕೊಂದು ಎಂದು ಹೇಳಲು ಯಾರ ಬಳಿಯೂ ನೇರ ಎಣಿಕೆ ಇರಲಿಲ್ಲ. 1948ರಲ್ಲಿ ಅಮೆರಿಕದ ಡಿವೋ ಮತ್ತು ಪ್ರ್ಯಾಟ್ ಎಂಬ ವೈದ್ಯರು ಸರಳ ದಾರಿ ಹಿಡಿದರು. ಎಕ್ಟೋಪಿಕ್ ಗರ್ಭದ ಪ್ರಮಾಣ ಶೇ. 0.37. ಎರಡು ಬೇರೆ ಬೇರೆ ಅಂಡಗಳಿಂದ ಅವಳಿ ಹುಟ್ಟುವ ಪ್ರಮಾಣ ಶೇ. 0.8. ಇವೆರಡನ್ನೂ ಗುಣಿಸಿದರೆ ಸುಮಾರು 30,000ಕ್ಕೆ ಒಂದು ಬರುತ್ತದೆ.

ಹೀಗೆ ಈ ಪ್ರಸಿದ್ಧ ಅಂಕಿ ಹುಟ್ಟಿದ್ದು ಗುಣಾಕಾರದಿಂದ. ಮೂವತ್ತು ಸಾವಿರ ಬಸುರಿಯರನ್ನು ಯಾರೂ ಎಣಿಸಿರಲಿಲ್ಲ. ಅಂದಿನ ಮಟ್ಟಿಗೆ ಅದೊಂದು ಬುದ್ಧಿವಂತ ಅಂದಾಜು. ಅದರ ಹಿಂದೆ ಎರಡು ಊಹೆಗಳಿದ್ದವು. ಒಂದು, ಹೆಂಗಸಿನ ದೇಹ ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡವನ್ನು ಬಿಡುತ್ತದೆ, ಎರಡು ಬಿಡುವುದು ಅಪರೂಪ. ಇನ್ನೊಂದು, ಬಸುರಿಯಾಗುವ ಹೆಂಗಸರಲ್ಲಿ ಬಹುಮಂದಿಯ ಅಂಡನಾಳಗಳು ಆರೋಗ್ಯವಾಗಿರುತ್ತವೆ. ಸಹಜ ಬಸಿರಿನ ಮಟ್ಟಿಗೆ ಎರಡೂ ನಿಜ.

ಮುಂದೆ ಬಂದ ಐವಿಎಫ್ ಚಿಕಿತ್ಸೆ ಈ ಎರಡು ಊಹೆಗಳನ್ನೂ ಒಟ್ಟಿಗೆ ತಲೆಕೆಳಗು ಮಾಡಿತು. ಅಂಡಾಶಯವನ್ನು ಪ್ರಚೋದಿಸಿ ಹಲವು ಅಂಡಗಳನ್ನು ಬೆಳೆಸುವುದು ಅದರ ಕ್ರಮ. ಅದು ಮೊದಲು ನೆರವಿಗೆ ಬಂದದ್ದು ಅಂಡನಾಳ ಕೆಟ್ಟಿರುವ ಹೆಂಗಸರಿಗೆ. ಗುಣಾಕಾರದ ಎರಡು ಸಂಖ್ಯೆಗಳೂ ಬೆಳೆದವು. ಗುಣಲಬ್ಧ ಮಾತ್ರ ಪಠ್ಯದಲ್ಲಿ ಹಳೆಯದೇ ಉಳಿಯಿತು.

4. ಮೊದಲ ಐವಿಎಫ್ ಬಸಿರು ನಿಂತದ್ದೆಲ್ಲಿ?

ಪ್ರನಾಳ ಶಿಶುವಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1978ರ ಜುಲೈ 25ರಿಂದ ಆರಂಭಿಸುತ್ತೇವೆ. ಅಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಲೂಯಿಸ್ ಬ್ರೌನ್ ಹುಟ್ಟಿದಳು. ಅವಳ ಹಿಂದಿದ್ದವರು ಶರೀರಶಾಸ್ತ್ರಜ್ಞ ರಾಬರ್ಟ್ ಎಡ್ವರ್ಡ್ಸ್, ಸ್ತ್ರೀರೋಗ ತಜ್ಞ ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಪ್ರಯೋಗಾಲಯದ ಕೆಲಸವನ್ನು ಹೊತ್ತ ಜೀನ್ ಪರ್ಡಿ. ಮಾನವ ಅಂಡವನ್ನು ದೇಹದ ಹೊರಗೆ ಫಲೀಕರಿಸಿದ ಬಗ್ಗೆ ಎಡ್ವರ್ಡ್ಸ್ ಮತ್ತು ಸಂಗಡಿಗರ ವರದಿ 1969ರಲ್ಲೇ ಪ್ರಕಟವಾಗಿತ್ತು. ನಡುವಣ ಒಂಬತ್ತು ವರ್ಷಗಳ ಕಥೆ ಜನರ ನೆನಪಿನಲ್ಲಿ ಹೆಚ್ಚು ಉಳಿದಿಲ್ಲ.

1976ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಒಂದು ವರದಿ ಪ್ರಕಟಿಸಿದರು. ದೇಹದ ಹೊರಗೆ ಫಲಿಸಿದ ಭ್ರೂಣವನ್ನು ಗರ್ಭಕೋಶಕ್ಕೆ ಇಟ್ಟ ಮೇಲೆ ಬಸಿರು ನಿಂತಿತ್ತು. ಅದು ನಿಂತದ್ದು ಅಂಡನಾಳದಲ್ಲಿ. ಸುಮಾರು 13ನೆಯ ವಾರದಲ್ಲಿ ಶಸ್ತ್ರಕ್ರಿಯೆ ಮಾಡಿ ಅದನ್ನು ತೆಗೆಯಬೇಕಾಯಿತು. ಓಲ್ಡ್‌ಹ್ಯಾಮ್ ತಂಡ ಸಾಧಿಸಿದ ಮೊದಲ ಸ್ಪಷ್ಟ ಗರ್ಭವೇ ನಾಳಗರ್ಭವಾಗಿತ್ತು. ಎಂದರೆ, ಈ ಚಿಕಿತ್ಸೆಯ ಚರಿತ್ರೆಯಲ್ಲಿ ತೊಡಕು ಯಶಸ್ಸಿಗಿಂತ ಎರಡು ವರ್ಷ ಹಿರಿಯದು.

ಓಲ್ಡ್‌ಹ್ಯಾಮ್‌ನ ಪ್ರಯೋಗಾಲಯದ ಟಿಪ್ಪಣಿ ಪುಸ್ತಕಗಳನ್ನು ವಿದ್ವಾಂಸರು ಪರಿಶೀಲಿಸಿ 2015ರಲ್ಲಿ ವಿವರ ಪ್ರಕಟಿಸಿದ್ದಾರೆ. 1969ರಿಂದ 1978ರ ತನಕ 282 ಹೆಂಗಸರು ಈ ಪ್ರಯತ್ನಕ್ಕೆ ಒಡ್ಡಿಕೊಂಡಿದ್ದರು. 112 ಸಲ ಭ್ರೂಣವನ್ನು ಗರ್ಭಕೋಶಕ್ಕೆ ಇಡಲಾಯಿತು. ಐದು ಬಸಿರು ನಿಂತವು. ಜೀವಂತವಾಗಿ ಹುಟ್ಟಿದ ಮಕ್ಕಳು ಎರಡು. ಉಳಿದ ಹೆಂಗಸರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಿಲ್ಲ ಕೂಡ. ಆದರೆ ಈ ವಿಜ್ಞಾನದ ತಳಪಾಯದಲ್ಲಿ ಅವರ ದೇಹದ ನೋವು ಇದೆ ಎಂಬುದನ್ನು ಚರಿತ್ರೆ ಬರೆಯುವವರು ಹೇಳಲೇಬೇಕು.

1976ರ ಆ ಬಸಿರು ಒಂದು ಪಾಠವನ್ನು ಸ್ಪಷ್ಟವಾಗಿ ಕಲಿಸಿತ್ತು. ಭ್ರೂಣವನ್ನು ಗರ್ಭಕೋಶದಲ್ಲಿ ಇಟ್ಟ ಮಾತ್ರಕ್ಕೆ ಅದು ಅಲ್ಲೇ ಕೂರುತ್ತದೆ ಎನ್ನುವಂತಿಲ್ಲ. ಇಟ್ಟ ಕ್ಷಣದಿಂದ ಒಳಪದರಕ್ಕೆ ಅಂಟಿಕೊಳ್ಳುವ ತನಕ ಭ್ರೂಣ ತೇಲುತ್ತಿರುತ್ತದೆ. ಈ ಅವಧಿ ಕೆಲವು ದಿನಗಳದ್ದು. ಗರ್ಭಕೋಶದ ಗೋಡೆ ಮೆಲ್ಲಗೆ ಅಲೆಯಲೆಯಾಗಿ ಕುಗ್ಗುತ್ತಿರುತ್ತದೆ. ಆ ಅಲೆ ಭ್ರೂಣವನ್ನು ಮೇಲಕ್ಕೆ, ನಾಳದ ಬಾಯಿಯ ಕಡೆಗೆ ತಳ್ಳಬಹುದು. ಆರೋಗ್ಯವಂತ ನಾಳದ ಒಳಗಿನ ಸೂಕ್ಷ್ಮ ರೋಮಗಳು ಅದನ್ನು ಮತ್ತೆ ಗರ್ಭಕೋಶಕ್ಕೆ ಸಾಗಿಸುತ್ತವೆ. ಸೋಂಕಿನಿಂದ ಒಳಪದರ ಕೆಟ್ಟಿದ್ದರೆ ಭ್ರೂಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಾಳ ಕೆಟ್ಟಿದೆ ಎಂಬ ಕಾರಣಕ್ಕೇ ಐವಿಎಫ್‌ಗೆ ಬಂದ ಹೆಂಗಸಿಗೆ ಅದೇ ನಾಳ ಎರಡನೆಯ ಸಲ ಕಂಟಕವಾಗುವುದು ಹೀಗೆ.

5. ಪ್ರಚೋದನೆಯ ಬೆಲೆ

ಜೋಡಿನೆಲೆಯ ಗರ್ಭಕ್ಕೆ ಎರಡು ಭ್ರೂಣಗಳಾದರೂ ಬೇಕು. ಅವು ಬಂದದ್ದು ಅಂಡಾಶಯ ಪ್ರಚೋದಕ ಔಷಧಗಳಿಂದ. ಈ ಔಷಧಗಳ ಚರಿತ್ರೆ ಐವಿಎಫ್‌ಗಿಂತ ಹಳೆಯದು. ಇಟಲಿಯ ರಸಾಯನಶಾಸ್ತ್ರಜ್ಞ ಪಿಯೆರೋ ಡೊನಿನಿ, ಮುಟ್ಟು ನಿಂತ ಹೆಂಗಸರ ಮೂತ್ರದಿಂದ ಅಂಡಾಶಯವನ್ನು ಚುರುಕುಗೊಳಿಸುವ ಹಾರ್ಮೋನುಗಳನ್ನು ಬೇರ್ಪಡಿಸಿದ. ಇಟಲಿಯ ವೃದ್ಧ ಕ್ರೈಸ್ತ ಸನ್ಯಾಸಿನಿಯರ ಮಠಗಳಿಂದ ಮೂತ್ರ ಸಂಗ್ರಹಿಸಲಾಗುತ್ತಿತ್ತು. ಇಸ್ರೇಲಿನ ಬ್ರೂನೋ ಲೂನೆನ್‌ಫೆಲ್ಡ್ ಅದನ್ನು ಚಿಕಿತ್ಸೆಗೆ ತಂದರು. 1962ರಲ್ಲಿ ಈ ಔಷಧದಿಂದ ಗರ್ಭ ಧರಿಸಿದ ಹೆಂಗಸಿಗೆ ಮೊದಲ ಮಗು ಹುಟ್ಟಿತು. ಅದೇ ದಶಕದಲ್ಲಿ ಕ್ಲೋಮಿಫೀನ್ ಮಾತ್ರೆಯೂ ಬಳಕೆಗೆ ಬಂತು.

ಮೂರೇ ವರ್ಷದಲ್ಲಿ, 1965ರಲ್ಲಿ, ಇಸ್ರೇಲಿನ ವೈದ್ಯರೇ 'ಲ್ಯಾನ್ಸೆಟ್'ನಲ್ಲಿ ಎಚ್ಚರಿಕೆ ಕೊಟ್ಟರು. ಇದೇ ಔಷಧ ಪಡೆದವರಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ ಪ್ರಕರಣಗಳನ್ನು ಅವರು ವರದಿ ಮಾಡಿದ್ದರು. ಲೂನೆನ್‌ಫೆಲ್ಡ್ ಸಹ ಆ ಲೇಖಕರಲ್ಲಿ ಒಬ್ಬರು. ತಾವು ತಂದ ಔಷಧದ ಕೆಡುಕನ್ನು ತಾವೇ ಬರೆದು ತಿಳಿಸಿದ ಈ ಪ್ರಾಮಾಣಿಕತೆ ವೈದ್ಯಚರಿತ್ರೆಯಲ್ಲಿ ನೆನೆಯತಕ್ಕದ್ದು.

ಹೀಗೆ ರಕ್ತ ಹೆಪ್ಪುಗಟ್ಟಲು ಕಾರಣವಾಗುವ ತೊಡಕಿಗೆ ಅಂಡಾಶಯದ ಅತಿಪ್ರಚೋದನೆ ಎಂದು ಹೆಸರು. ವೈದ್ಯರು ಓಎಚ್‌ಎಸ್‌ಎಸ್ ಎನ್ನುತ್ತಾರೆ. ಅಂಡಗಳನ್ನು ಪಕ್ವಗೊಳಿಸಲು ಕೊಡುವ ಎಚ್‌ಸಿಜಿ ಹಾರ್ಮೋನಿನ ಪ್ರಭಾವದಿಂದ, ಊದಿಕೊಂಡ ಅಂಡಾಶಯಗಳು ರಕ್ತನಾಳಗಳನ್ನು ಸೋರುವಂತೆ ಮಾಡುವ ದ್ರವ್ಯವೊಂದನ್ನು ಬಿಡುತ್ತವೆ. ರಕ್ತದ ನೀರಿನಂಶ ಹೊಟ್ಟೆಗೂ ಎದೆಗೂಡಿಗೂ ಸೋರುತ್ತದೆ. ಉಳಿದ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟಲು ತೊಡಗುತ್ತದೆ. ಬಸಿರು ನಿಂತರೆ ಭ್ರೂಣವೇ ಎಚ್‌ಸಿಜಿ ತಯಾರಿಸುವುದರಿಂದ ತೊಡಕು ಎರಡನೆಯ ಸುತ್ತಿನಲ್ಲಿ ಬಲಗೊಳ್ಳುತ್ತದೆ. ಅವಳಿಯಾದರೆ ಇನ್ನೂ ಹೆಚ್ಚು.

ಇದನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಅತಿಪ್ರಚೋದನೆಯ ಲಕ್ಷಣಗಳಾದ ಹೊಟ್ಟೆನೋವು, ಹೊಟ್ಟೆಯುಬ್ಬರ, ಸ್ಕ್ಯಾನಿಂಗ್‌ನಲ್ಲಿ ಕಾಣುವ ದೊಡ್ಡ ಅಂಡಾಶಯ, ಒಳಗೆ ನಿಂತ ದ್ರವ, ಇವೆಲ್ಲ ಒಡೆದ ನಾಳಗರ್ಭದ ಲಕ್ಷಣಗಳೂ ಹೌದು. ದ್ರವ ಕಂಡಾಗ ಅದು ನೀರೋ ರಕ್ತವೋ ಎಂದು ಕೇಳದಿದ್ದರೆ, ಒಂದು ತೊಡಕು ಇನ್ನೊಂದನ್ನು ಬಚ್ಚಿಡುತ್ತದೆ.

6. ಮುರಿದ ಲೆಕ್ಕ

1980ರ ದಶಕದಲ್ಲಿ ಐವಿಎಫ್ ಓಲ್ಡ್‌ಹ್ಯಾಮ್‌ನಿಂದ ಮೆಲ್ಬರ್ನ್, ಅಮೆರಿಕ, ಫ್ರಾನ್ಸ್ ಮುಂತಾದೆಡೆಗೆ ಹರಡಿತು. ಲೂಯಿಸ್ ಬ್ರೌನ್ ಹುಟ್ಟಿದ್ದು ಔಷಧವಿಲ್ಲದ ಸಹಜ ಋತುಚಕ್ರದ ಒಂದೇ ಅಂಡದಿಂದ. ಆಮೇಲಿನ ಕೇಂದ್ರಗಳು ಪ್ರಚೋದನೆಯ ದಾರಿಯನ್ನೇ ಹಿಡಿದವು. ಒಂದೊಂದು ಭ್ರೂಣ ಉಳಿಯುವ ಸಂಭವ ಕಡಿಮೆಯಿದ್ದ ಕಾಲದಲ್ಲಿ ಮೂರು, ನಾಲ್ಕು, ಕೆಲವೊಮ್ಮೆ ಅದಕ್ಕೂ ಹೆಚ್ಚು ಭ್ರೂಣಗಳನ್ನು ಒಟ್ಟಿಗೆ ಇಡುವುದು ರೂಢಿಯಾಯಿತು.

1985ರಲ್ಲಿ ಐವಿಎಫ್ ಬಳಿಕದ ಜೋಡಿನೆಲೆಯ ಗರ್ಭದ ವರದಿಗಳು ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಅವುಗಳಲ್ಲೊಂದು, ಗರ್ಭಕೋಶದಲ್ಲಿ ಅವಳಿ ಇದ್ದು ಜೊತೆಗೆ ಹೊರಗೂ ಬಸಿರಿದ್ದ ಪ್ರಕರಣ. ಅಪರೂಪವೆಂದು ಒಂದೊಂದೇ ಪ್ರಕರಣ ಬರೆಯುತ್ತಿದ್ದ ಕಾಲ ಕಳೆದು, ಪ್ರಕರಣಗಳ ಸಾಲುಗಳು ಬರತೊಡಗಿದವು. ಸಹಾಯಕ ಸಂತಾನೋತ್ಪತ್ತಿಯ ಬಳಿಕ ಇದು ನೂರಕ್ಕೆ ಒಂದರವರೆಗೂ ಇರಬಹುದು ಎಂಬ ಅಂದಾಜುಗಳು ಕೇಳಿಬಂದವು.

ದೊಡ್ಡ ಎಣಿಕೆ ಸಿಕ್ಕಿದ್ದು ಅಮೆರಿಕದ ರಾಷ್ಟ್ರೀಯ ದಾಖಲೆಗಳಿಂದ. 1999ರಿಂದ 2002ರ ತನಕದ ಐವಿಎಫ್ ಮಾದರಿಯ ಬಸಿರುಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭಕೋಶದಲ್ಲಿ ಮಾತ್ರ ನಿಂತ 1,32,660 ಬಸಿರುಗಳ ಎದುರಿಗೆ 207 ಜೋಡಿನೆಲೆಯ ಗರ್ಭಗಳಿದ್ದವು. ಅಂದರೆ ಸುಮಾರು 640ಕ್ಕೆ ಒಂದು. ಮೂವತ್ತು ಸಾವಿರಕ್ಕೊಂದು ಎಂಬ ಹಳೆಯ ಅಂಕಿಗೆ ಹೋಲಿಸಿದರೆ ಇದು ನಲವತ್ತು ಪಟ್ಟಿಗೂ ಹೆಚ್ಚು. ಅದೇ ದಾಖಲೆಗಳ 1999–2001ರ ಅವಧಿಯ 94,118 ಬಸಿರುಗಳಲ್ಲಿ ಎಕ್ಟೋಪಿಕ್ ಪ್ರಮಾಣ ಶೇ. 2.1 ಇತ್ತು, 1948ರ ಲೆಕ್ಕದಲ್ಲಿದ್ದ ಶೇ. 0.37ರ ಐದು ಪಟ್ಟಿಗೂ ಮಿಗಿಲು.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿದರೆ ಡಿವೋ ಮತ್ತು ಪ್ರ್ಯಾಟ್ ತಪ್ಪು ಮಾಡಿರಲಿಲ್ಲ ಎಂಬುದು ತಿಳಿಯುತ್ತದೆ. ಅವರ ವಿಧಾನವೇ ನಮಗೆ ಮುನ್ನೆಚ್ಚರಿಕೆ ಕೊಡಬಲ್ಲದ್ದಾಗಿತ್ತು. ಎಕ್ಟೋಪಿಕ್ ಪ್ರಮಾಣ ಏರಿದಾಗ, ಒಂದಕ್ಕಿಂತ ಹೆಚ್ಚು ಭ್ರೂಣ ನಿಲ್ಲುವ ಪ್ರಮಾಣ ಅದಕ್ಕಿಂತಲೂ ಏರಿದಾಗ, ಯಾರಾದರೂ ಕಾಗದದ ಮೇಲೆ ಮತ್ತೊಮ್ಮೆ ಗುಣಿಸಿ ನೋಡಬಹುದಿತ್ತು. ತಪ್ಪಿದ್ದು ಅವರ ವಿಧಾನವನ್ನು ಬಿಟ್ಟು ಉತ್ತರವನ್ನಷ್ಟೇ ಬಾಯಿಪಾಠ ಮಾಡಿದವರಲ್ಲಿ.

7. ಕಂಡೂ ಕಾಣದಿರುವುದು

ಎಕ್ಟೋಪಿಕ್ ಗರ್ಭವನ್ನು ಗುರುತಿಸುವ ಕಲೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಳ ಮುಂದುವರಿಯಿತು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ 1958ರಲ್ಲಿ ಅಲ್ಟ್ರಾಸೌಂಡ್ ಬಳಕೆಯ ಮೊದಲ ದೊಡ್ಡ ವರದಿ ಪ್ರಕಟಿಸಿದರು. 1972ರಲ್ಲಿ ಅಮೆರಿಕದ ಜೂಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ರಕ್ತದಲ್ಲಿ ಎಚ್‌ಸಿಜಿಯನ್ನು ನಿಖರವಾಗಿ ಅಳೆಯುವ ಪರೀಕ್ಷೆ ರೂಪಿಸಿದರು. 1980ರ ದಶಕದಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗ್ ಬಂತು. ಈ ಮೂರರ ಬಲದಿಂದ ನಾಳ ಒಡೆಯುವ ಮುನ್ನವೇ ಎಕ್ಟೋಪಿಕ್ ಪತ್ತೆ ಹಚ್ಚುವುದು ಸಾಧ್ಯವಾಯಿತು.

ಈ ಎಲ್ಲ ಉಪಕರಣಗಳ ಹಿಂದಿನ ತರ್ಕ ಒಂದೇ: ಬಸಿರು ಒಳಗಿದೆಯೋ ಹೊರಗಿದೆಯೋ? ಒಳಗೆ ಕಂಡರೆ ಹೊರಗಿಲ್ಲ ಎಂದು ಅರ್ಥ. ಜೋಡಿನೆಲೆಯ ಗರ್ಭ ಮುರಿಯುವುದು ಈ ತರ್ಕವನ್ನೇ. ಸ್ಕ್ಯಾನಿಂಗ್ ಪರದೆಯಲ್ಲಿ ಗರ್ಭಕೋಶದೊಳಗೆ ಚೀಲ ಕಂಡು, ಅದರೊಳಗೆ ಹೃದಯ ಮಿಡಿಯುತ್ತಿರುವುದು ಕಂಡಾಗ, ವರ್ಷಗಟ್ಟಲೆ ಕಾದ ದಂಪತಿಗೂ ವೈದ್ಯರಿಗೂ ನೆಮ್ಮದಿಯಾಗುತ್ತದೆ. ಪರೀಕ್ಷಕರ ಕೈ ಅಲ್ಲೇ ನಿಲ್ಲುತ್ತದೆ. ಎಚ್‌ಸಿಜಿ ಪರೀಕ್ಷೆಯೂ ನೆರವಾಗುವುದಿಲ್ಲ. ಒಳಗಿನ ಆರೋಗ್ಯವಂತ ಬಸಿರಿನಿಂದ ಅದರ ಮಟ್ಟ ಸರಿಯಾಗಿಯೇ ಏರುತ್ತಿರುತ್ತದೆ. ಚಿಕಿತ್ಸೆಯ ಭಾಗವಾಗಿ ಪ್ರೊಜೆಸ್ಟರಾನ್ ಕೊಡುತ್ತಿರುವುದರಿಂದ ರಕ್ತಸ್ರಾವದ ಮುನ್ಸೂಚನೆಯೂ ಕಾಣದೆ ಹೋಗಬಹುದು.

1983ರಲ್ಲಿ ರೀಸ್ ಮತ್ತು ಸಂಗಡಿಗರು ಹಿಂದಿನ 66 ಪ್ರಕರಣಗಳನ್ನು ಪರಿಶೀಲಿಸಿ ನಾಲ್ಕು ಲಕ್ಷಣಗಳನ್ನು ಗುರುತಿಸಿದ್ದರು: ಹೊಟ್ಟೆನೋವು, ಗರ್ಭಕೋಶದ ಪಕ್ಕದಲ್ಲಿ ಗಂಟು, ಹೊಟ್ಟೆ ಮುಟ್ಟಿದರೆ ಬಿಗಿಯುವಷ್ಟು ನೋವು, ಮತ್ತು ದೊಡ್ಡದಾದ ಗರ್ಭಕೋಶ. 1996ರಲ್ಲಿ ತಾಲ್ ಮತ್ತು ಸಂಗಡಿಗರು, 1971ರಿಂದ 1993ರ ತನಕ ಚಿಕಿತ್ಸೆಯ ಬಳಿಕ ಉಂಟಾದ 139 ಪ್ರಕರಣಗಳನ್ನು ಕ್ರೋಡೀಕರಿಸಿದರು. ಸುಮಾರು ಶೇ. 70ರಷ್ಟು ಪತ್ತೆಯಾದದ್ದು 5ರಿಂದ 8ನೆಯ ವಾರದೊಳಗೆ, ಶೇ. 20ರಷ್ಟು 9 ಮತ್ತು 10ನೆಯ ವಾರದಲ್ಲಿ, ಉಳಿದ ಶೇ. 10ರಷ್ಟು 11ನೆಯ ವಾರ ಅಥವಾ ಆಮೇಲೆ. ಮೊದಲ ಸ್ಕ್ಯಾನಿಂಗ್ ಚೆನ್ನಾಗಿದೆ ಎಂದು ಕಡತ ಮುಚ್ಚುವಂತಿಲ್ಲ ಎಂಬುದು ಈ ಅಂಕಿಗಳಿಂದ ಕಲಿಯಬೇಕಾದ ಪಾಠ.

ನಾಳವನ್ನು ತೆಗೆಸಿಕೊಂಡವರೂ ಪೂರ್ತಿ ಸುರಕ್ಷಿತರಲ್ಲ. ಅಂಡನಾಳದ ಒಂದು ತುಂಡು ಗರ್ಭಕೋಶದ ಗೋಡೆಯ ಒಳಗೇ ಹಾದುಹೋಗುತ್ತದೆ. ನಾಳ ತೆಗೆದರೂ ಅದು ಉಳಿದಿರುತ್ತದೆ. ಅಲ್ಲಿ ನಿಂತ ಬಸಿರು ತಡವಾಗಿ ಒಡೆಯುತ್ತದೆ, ಒಡೆದಾಗ ರಕ್ತಸ್ರಾವ ಭೀಕರವಾಗಿರುತ್ತದೆ.

ಚಿಕಿತ್ಸೆಯಲ್ಲೂ ಈ ಗರ್ಭದ ಸಮಸ್ಯೆ ಬೇರೆ. 1982ರಲ್ಲಿ ಜಪಾನಿನ ತನಾಕ ಮತ್ತು ಸಂಗಡಿಗರ ವರದಿಯ ಬಳಿಕ, ಎಕ್ಟೋಪಿಕ್ ಗರ್ಭವನ್ನು ಮೆಥೊಟ್ರೆಕ್ಸೇಟ್ ಔಷಧದಿಂದಲೇ ಕರಗಿಸುವ ದಾರಿ ತೆರೆಯಿತು. ಜೋಡಿನೆಲೆಯ ಗರ್ಭದಲ್ಲಿ ಅದನ್ನು ಕೊಡುವಂತಿಲ್ಲ; ಒಳಗಿನ ಶಿಶುವಿಗೂ ಅದು ವಿಷ. ಆದ್ದರಿಂದ ಲ್ಯಾಪರೋಸ್ಕೋಪಿಯ ಮೂಲಕ ನಾಳವನ್ನು ತೆಗೆಯುವುದೇ ಇಂದಿಗೂ ಮುಖ್ಯ ಮಾರ್ಗ. ಸಕಾಲದಲ್ಲಿ ಗುರುತಿಸಿ ಶಸ್ತ್ರಕ್ರಿಯೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಒಳಗಿನ ಮಗು ಉಳಿದು ಹುಟ್ಟುತ್ತದೆ. ಇಲ್ಲಿ ತಡವೆಂದರೆ ಎರಡು ಜೀವಗಳ ಪ್ರಶ್ನೆ.

8. ಸಂಯಮದ ಕಡೆಗೆ, ಮತ್ತು ಕಲ್ಕತ್ತೆಯ ಒಬ್ಬ ವೈದ್ಯ

ಈ ತೊಡಕನ್ನು ತಗ್ಗಿಸುವ ದಾರಿ ಹೊಸ ಯಂತ್ರಕ್ಕಿಂತ ಹೆಚ್ಚಾಗಿ ಸಂಯಮದಿಂದ ಬಂತು. ಇಡುವ ಭ್ರೂಣಗಳ ಸಂಖ್ಯೆ ಇಳಿಯಿತು. 2003ರಲ್ಲಿ ಸ್ವೀಡನ್ ಸಾಮಾನ್ಯವಾಗಿ ಒಂದೇ ಭ್ರೂಣ ಇಡಬೇಕೆಂಬ ನಿಯಮ ತಂದಿತು. ಅದೇ ವರ್ಷ ಬೆಲ್ಜಿಯಂ, ಭ್ರೂಣಗಳ ಸಂಖ್ಯೆಗೆ ಮಿತಿ ಒಪ್ಪಿದರೆ ಆರು ಸುತ್ತಿನ ಚಿಕಿತ್ಸೆಯ ಪ್ರಯೋಗಾಲಯ ವೆಚ್ಚ ಭರಿಸುವ ಏರ್ಪಾಡು ಮಾಡಿತು. ಅಮೆರಿಕದಲ್ಲಿ ಚಿಕಿತ್ಸೆಯ ಬಳಿಕದ ಎಕ್ಟೋಪಿಕ್ ಪ್ರಮಾಣ 2001ರ ಶೇ. 2.0ರಿಂದ 2011ರ ಹೊತ್ತಿಗೆ ಶೇ. 1.6ಕ್ಕೆ ಇಳಿಯಿತು. ಇಟ್ಟ ಭ್ರೂಣ ಒಂದೇ ಆದಾಗ ಜೋಡಿನೆಲೆಯ ಗರ್ಭಕ್ಕೆ ಆಸ್ಪದವೇ ಬಹುಮಟ್ಟಿಗೆ ಇಲ್ಲ.

ಅತಿಪ್ರಚೋದನೆಗೂ ಉತ್ತರ ಸಿಕ್ಕಿತು. ಪ್ರಚೋದಿಸಿ ಪಡೆದ ಭ್ರೂಣಗಳನ್ನು ಆ ತಿಂಗಳು ಇಡದೆ ಶೈತ್ಯೀಕರಿಸಿ, ದೇಹ ಸಹಜ ಸ್ಥಿತಿಗೆ ಮರಳಿದ ಮೇಲೆ ಬೇರೊಂದು ಋತುಚಕ್ರದಲ್ಲಿ ಇಡುವುದು ಆ ಕ್ರಮ. 2011ರಲ್ಲಿ ಬ್ರಸೆಲ್ಸ್‌ನ ಪಾಲ್ ಡೆವ್ರೋಯ್ ಮತ್ತು ಸಂಗಡಿಗರು ಅತಿಪ್ರಚೋದನೆಯೇ ಇಲ್ಲದ ಚಿಕಿತ್ಸಾಲಯ ಸಾಧ್ಯ ಎಂದು ವಾದಿಸಿದಾಗ, ಅವರ ವಾದದ ಒಂದು ಮುಖ್ಯ ಕಂಬ ಇದೇ ಆಗಿತ್ತು.

ಇಲ್ಲಿ ಭಾರತೀಯ ಓದುಗರು ಒಂದು ಕ್ಷಣ ನಿಲ್ಲಬೇಕು. ಲೂಯಿಸ್ ಬ್ರೌನ್ ಹುಟ್ಟಿ ಎಪ್ಪತ್ತು ದಿನಗಳಲ್ಲಿ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ದುರ್ಗಾ ಎಂದು ಕರೆಯಲಾದ ಹೆಣ್ಣುಮಗು ಹುಟ್ಟಿತು. ಅದರ ಹಿಂದಿದ್ದವರು ಡಾ. ಸುಭಾಷ್ ಮುಖೋಪಾಧ್ಯಾಯ. ಅವರು ಹಾರ್ಮೋನಿನಿಂದ ಅಂಡಾಶಯವನ್ನು ಪ್ರಚೋದಿಸಿ, ಪಡೆದ ಭ್ರೂಣಗಳನ್ನು 53 ದಿನ ಶೈತ್ಯದಲ್ಲಿಟ್ಟು, ಬೇರೊಂದು ಋತುಚಕ್ರದಲ್ಲಿ ಗರ್ಭಕೋಶಕ್ಕೆ ಇಟ್ಟರು. ಶೈತ್ಯೀಕರಿಸಿದ ಭ್ರೂಣದಿಂದ ಮಗು ಹುಟ್ಟಿದ ವರದಿಗಳು ನೆದರ್ಲೆಂಡ್ಸ್ ಮತ್ತು ಆಸ್ಟ್ರೇಲಿಯಾದಿಂದ ಬಂದದ್ದು 1984ರಲ್ಲಿ. ಇಂದು ತಾಯಿಯ ಸುರಕ್ಷತೆಗಾಗಿ ಜಗತ್ತು ಒಪ್ಪಿಕೊಂಡಿರುವ ಪ್ರಚೋದನೆ, ಶೈತ್ಯೀಕರಣ, ತಡವಾದ ವರ್ಗಾವಣೆ ಎಂಬ ಮೂರು ಹೆಜ್ಜೆಗಳೂ ಆ ವೈದ್ಯರ ಕ್ರಮದಲ್ಲಿ ಇದ್ದವು. ಅಂದಿನ ಸರ್ಕಾರಿ ತನಿಖಾ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ತಮ್ಮ ಪ್ರಾಣ ತಾವೇ ಕಳೆದುಕೊಂಡರು.

ಅವರಿಗೆ ನ್ಯಾಯ ದೊರಕಿಸಿದವರು ಡಾ. ಟಿ.ಸಿ. ಆನಂದ್ ಕುಮಾರ್. 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಆನಂದ್ ಕುಮಾರ್ ಸಾಧಿಸಿದ ಜನನವೇ ಭಾರತದ ಮೊದಲ ಪ್ರನಾಳ ಶಿಶು ಎಂದು ಆಗ ದಾಖಲಾಗಿತ್ತು. ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿದ ಮೇಲೆ ಆನಂದ್ ಕುಮಾರ್, ಮೊದಲ ಗೌರವ ತಮಗಲ್ಲ, ಕಲ್ಕತ್ತೆಯ ಆ ವೈದ್ಯರಿಗೆ ಸಲ್ಲಬೇಕೆಂದು 1997ರಲ್ಲಿ ಬರೆದರು. ಆ ಲೇಖನ ಪ್ರಕಟವಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ತನ್ನ ಕಿರೀಟವನ್ನು ತಾನೇ ತೆಗೆದು ಇನ್ನೊಬ್ಬರ ತಲೆಗಿಟ್ಟ ಅಂಥ ಉದಾಹರಣೆ ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚಿಲ್ಲ.

9. ಕಾನೂನು ಮತ್ತು ತಾಲ್ಲೂಕು ಆಸ್ಪತ್ರೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಈ ಚಿಕಿತ್ಸಾಲಯಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಕಾನೂನಿನ ಬಲವಿರಲಿಲ್ಲ. ಬಲ ಬಂದದ್ದು ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021ರಿಂದ. ಅದು 2022ರ ಜನವರಿಯಲ್ಲಿ ಜಾರಿಗೆ ಬಂತು. ಚಿಕಿತ್ಸೆಯ ಅಡ್ಡಪರಿಣಾಮಗಳನ್ನೂ, ಒಂದಕ್ಕಿಂತ ಹೆಚ್ಚು ಮಕ್ಕಳ ಗರ್ಭವೂ ಸೇರಿದಂತೆ ಅಪಾಯಗಳನ್ನೂ ದಂಪತಿಗೆ ತಿಳಿಸಬೇಕೆಂದು ಆ ಕಾನೂನು ಹೇಳುತ್ತದೆ. ಈ ತಿಳಿವಳಿಕೆಯಲ್ಲಿ ಎಕ್ಟೋಪಿಕ್ ಮತ್ತು ಜೋಡಿನೆಲೆಯ ಗರ್ಭದ ಲಕ್ಷಣಗಳೂ ಅರ್ಥವಾಗುವ ಕನ್ನಡದಲ್ಲಿ ಸೇರಬೇಕು. ಹೆಣ್ಣಿನ ದೇಹದ ಸಂಗತಿಗಳನ್ನು ತಿಳಿಗನ್ನಡದಲ್ಲಿ ಬರೆಯಬಹುದೆಂಬುದನ್ನು ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ 'ತಾಯಿ ಮಗು'ವಿನಂಥ ಪುಸ್ತಕಗಳಲ್ಲಿ ಎಂದೋ ತೋರಿಸಿಕೊಟ್ಟಿದ್ದಾರೆ.

ನಮ್ಮಲ್ಲಿ ಇನ್ನೊಂದು ಅಂಶವನ್ನೂ ಗಮನಿಸಬೇಕು. ಐವಿಎಫ್ ಚಿಕಿತ್ಸೆ ನಡೆಯುವುದು ನಗರದ ಕೇಂದ್ರದಲ್ಲಿ. ಬಸಿರು ನಿಂತ ಮೇಲೆ ಹೆಂಗಸು ತನ್ನ ಊರಿಗೆ ಮರಳಬಹುದು. ಎಂಟನೆಯ ವಾರದಲ್ಲಿ ಹೊಟ್ಟೆನೋವು ಬಂದರೆ ಅವಳನ್ನು ಮೊದಲು ನೋಡುವವರು ತಾಲ್ಲೂಕು ಆಸ್ಪತ್ರೆಯ ವೈದ್ಯರು. ಐವಿಎಫ್ ಮಾಡಿಸಿಕೊಂಡದ್ದನ್ನು ಹೇಳಲು ಅನೇಕ ಕುಟುಂಬಗಳಿಗೆ ಸಂಕೋಚ. ಅವಳ ಕೈಯಲ್ಲಿರುವ ಸ್ಕ್ಯಾನಿಂಗ್ ವರದಿ ಗರ್ಭಕೋಶದಲ್ಲಿ ಶಿಶು ಚೆನ್ನಾಗಿದೆ ಎನ್ನುತ್ತದೆ. ವೈದ್ಯರ ತಲೆಯಲ್ಲಿ 30,000ಕ್ಕೆ ಒಂದು ಎಂಬ ಹಳೆಯ ಪಾಠವಿದೆ. ಈ ಮೂರೂ ಕೂಡಿದಾಗ ಶಂಕೆ ಹುಟ್ಟುವುದೇ ಇಲ್ಲ.

10. ಸಮಾರೋಪ

1708ರಲ್ಲಿ ದ್ಯುವರ್ನೆ ಸತ್ತ ತಾಯಿಯಲ್ಲಿ ಕಂಡದ್ದನ್ನು ನಾವು ಇಂದು ಬದುಕಿರುವ ತಾಯಿಯಲ್ಲಿ ಕಾಣಬಲ್ಲೆವು. ಟೇಟ್ ಕಲಿಸಿದ ಶಸ್ತ್ರಕ್ರಿಯೆ ಈಗ ಸಣ್ಣ ರಂಧ್ರದ ಮೂಲಕ ನಡೆಯುತ್ತದೆ. ಉಪಕರಣಗಳ ಕೊರತೆಗಿಂತ ದೊಡ್ಡ ಕೊರತೆ, ಸಹಜ ಬಸಿರಿಗಾಗಿ 1948ರಲ್ಲಿ ಕಟ್ಟಿದ ಅಂದಾಜನ್ನು ಚಿಕಿತ್ಸೆಯಿಂದ ನಿಂತ ಬಸಿರಿಗೂ ಅನ್ವಯಿಸುವ ಅಭ್ಯಾಸದಲ್ಲಿದೆ. ಐವಿಎಫ್ ಬೇಡವೆಂದು ಈ ಚರಿತ್ರೆ ಹೇಳುವುದಿಲ್ಲ. ಆ ಚಿಕಿತ್ಸೆಯಿಂದ ಹುಟ್ಟಿದ ಮಕ್ಕಳು ಲಕ್ಷಾಂತರ ಮನೆಗಳಲ್ಲಿ ಬೆಳೆಯುತ್ತಿದ್ದಾರೆ. ಮೊದಲ ಸ್ಪಷ್ಟ ಬಸಿರೇ ನಾಳದಲ್ಲಿ ನಿಂತ ಚಿಕಿತ್ಸೆಯಿದು ಎಂಬುದನ್ನು ಮರೆಯದೆ ಅದನ್ನು ನಡೆಸಬೇಕು ಎಂದಷ್ಟೇ ಹೇಳುತ್ತದೆ.

ಆದ್ದರಿಂದ ಮೂರು ವಿನಂತಿಗಳು. ಚಿಕಿತ್ಸೆಯ ಬಳಿಕದ ಪ್ರತಿ ಆರಂಭಿಕ ಸ್ಕ್ಯಾನಿಂಗ್‌ನಲ್ಲಿ, ಗರ್ಭಕೋಶದಲ್ಲಿ ಶಿಶು ಕಂಡ ಮೇಲೂ, ಎರಡೂ ಬದಿಯ ಅಂಡನಾಳದ ಜಾಗವನ್ನು ನೋಡಿ ವರದಿಯಲ್ಲಿ ಬರೆಯಬೇಕು. ನಮ್ಮ ಆರೋಗ್ಯ ಇಲಾಖೆ ಬಸುರಿಯರಿಗೆ ಕೊಡುವ ತಾಯಿ ಕಾರ್ಡ್‌ನಲ್ಲಿ, ಆಕೆ ಒಪ್ಪಿದರೆ, ಬಸಿರು ಚಿಕಿತ್ಸೆಯಿಂದ ನಿಂತದ್ದೆಂದೂ ಎಷ್ಟು ಭ್ರೂಣ ಇಡಲಾಯಿತೆಂದೂ ದಾಖಲಾಗಬೇಕು. ಕೊನೆಯದು ಓದುಗರಿಗೆ: ಐವಿಎಫ್‌ನಿಂದ ಬಸುರಿಯಾದ ಮಗಳೋ ಸೊಸೆಯೋ ಮೊದಲ ಮೂರು ತಿಂಗಳಲ್ಲಿ ಹೊಟ್ಟೆನೋವು, ಭುಜದ ತುದಿಯ ನೋವು ಅಥವಾ ತಲೆಸುತ್ತು ಎಂದರೆ, ಸ್ಕ್ಯಾನಿಂಗ್ ಚೆನ್ನಾಗಿತ್ತಲ್ಲ ಎಂದು ಸಮಾಧಾನ ಹೇಳಿ ಮಲಗಿಸಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ, ಮತ್ತು ಇದು ಐವಿಎಫ್ ಬಸಿರು ಎಂದು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿರಿ.